ಮುಳ್ಳಿಗೆ ಅಂಜದ ರಿಮ್
ಶಿವಶರಣ ಏಕಾಂತದ ರಾಮಯ್ಯನ ಶಾಸನವಿರುವ ಹಾವೇರಿ ಜಿಲ್ಲೆಯ ಅಬಲೂರಿಗೆ ಡಾಂಬರು ಬಿಟ್ಟು ಹೊಲದ ದಾರಿಯಲ್ಲಿ ಸೈಕಲ್ ತುಳಿಯುವವರಿಗೆ ಜಾಲಿಮುಳ್ಳಿನ ಪರಿಚಯ ಬೇಗ ಆಗುತ್ತದೆ. ಟ್ಯೂಬ್‌ಲೆಸ್ ರಿಮ್ಮಿನ ಬೆಲೆ ತಿಳಿಯುವುದು ಅಲ್ಲೇ. ಒಳಗೆ ಬೆರಳಾಡಿಸಿ ನೋಡಿ: ನಡುವೆ ತಗ್ಗು, ಎರಡೂ ಬದಿಗೆ ಸಮತಟ್ಟಾದ ಪಟ್ಟಿ, ಪಟ್ಟಿಯಂಚಿಗೆ ಸಣ್ಣ ದಿಬ್ಬ. ಗಾಳಿಯ ಒತ್ತಡಕ್ಕೆ ಟೈರಿನ ಅಂಚು ಆ ದಿಬ್ಬ ದಾಟಿ ‘ಟಪ್’ ಎಂದು ಕೂತರೆ ಸುಲಭಕ್ಕೆ ಜಾರದು. ಸ್ಪೋಕಿನ ತೂತು ಮುಚ್ಚಲು ಟೇಪು, ಒಳಗೆ ಸೀಲಂಟ್ ಎಂಬ ದ್ರವ. ಮುಳ್ಳು ಚುಚ್ಚಿದರೆ ಆ ದ್ರವವೇ ತೂತಿಗೆ ನುಗ್ಗಿ ಗಟ್ಟಿಯಾಗುತ್ತದೆ. ಒಳಗೆ ಟ್ಯೂಬ್ ಇಲ್ಲದ್ದರಿಂದ ಗಾಳಿ ಕಡಿಮೆ ಇಡಬಹುದು. ಕಲ್ಲಿನ ಮೇಲೆ ಹಿಡಿತ ಹೆಚ್ಚು. (ಮಳೆಗಾಲದ ಎರೆಮಣ್ಣಿಗೆ ಮಾತ್ರ ಯಾವ ರಿಮ್ಮೂ ಮದ್ದಲ್ಲ.) 2.4 ಇಂಚಿನ ಟೈರಿಗೆ 30 ಮಿ.ಮೀ. ಒಳಅಗಲದ ಅಲ್ಯೂಮಿನಿಯಂ ರಿಮ್ ಸಾಕು. ಕಾರ್ಬನ್‌ಗೆ ದುಡ್ಡು ಸುರಿಯಬೇಡಿ. ಬೇಸಿಗೆಯಲ್ಲಿ ಸೀಲಂಟ್ ಬೇಗ ಒಣಗುತ್ತದೆ, ಆಗಾಗ ನೋಡಿಕೊಳ್ಳಿ.