ವಾಲ್ವ್ ಗಿಟಾರ್ ವರ್ಧಕ: ನಾದ ಸರಿ, ಬಹುಮುಖತೆ?

ಬಾಬಾಬುಡನ್‌ಗಿರಿಯ ತಪ್ಪಲಿನ ತೋಟದ ಮನೆಯೊಂದರಲ್ಲಿ 15 ವಾಟ್‌ನ ಗಿಟಾರ್ ಕಾಂಬೊ ಕೇಳಿದೆ. ವರ್ಧಕ, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಕೊನೆಯ ಹಂತದಲ್ಲಿ ಜೋಡಿ ಇಎಲ್84 ವಾಲ್ವ್‌ಗಳು. ಹಿಂದೆ ಬೆಂಗಳೂರಿನ ಬಿಇಎಲ್ ಕೂಡ ತಯಾರಿಸುತ್ತಿದ್ದ, ಹಳೆಯ ರೇಡಿಯೋಗಳ ವಾಲ್ವ್ ಅದೇ.

ತಂತಿಯನ್ನು ಮೆಲ್ಲಗೆ ಮೀಟಿದರೆ ನಾದ ತಿಳಿ. ಬಲವಾಗಿ ಮೀಟಿದರೆ ಅಲೆಯ ತುದಿಗಳು ಸವೆದು ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅವೆಲ್ಲ ಸಮಸಂಖ್ಯೆಯವು ಎಂಬ ಜನಪ್ರಿಯ ಮಾತು ಅರ್ಧಸತ್ಯ. ಒಂದು ತಳ್ಳುವಾಗ ಇನ್ನೊಂದು ಎಳೆಯುವ ಈ ಜೋಡಿಯಲ್ಲಿ ಸಮಸಂಖ್ಯೆಯವು ಬಹುಮಟ್ಟಿಗೆ ರದ್ದಾಗಿ ಬೆಸಸಂಖ್ಯೆಯವು ಉಳಿಯುತ್ತವೆ. ಸಮಸಂಖ್ಯೆಯವು ಮುಖ್ಯವಾಗಿ ಮೊದಲ ಹಂತದ ಇಸಿಸಿ83ರ ಕೊಡುಗೆ.

ಬಹುಮುಖತೆ ಮಾತ್ರ ಕಡಿಮೆ. ಆ ಒಡೆದ ನಾದಕ್ಕೆ ಹಂಚು ನಡುಗುವಷ್ಟು ಸದ್ದು ಬೇಕು! 15 ವಾಟನ್ನು 1.5ಕ್ಕೆ ಇಳಿಸಿದರೂ ತಗ್ಗುವುದು 10 ಡೆಸಿಬೆಲ್. ಕಿವಿಗೆ ಸುಮಾರು ಅರ್ಧ, ಅಷ್ಟೆ. ಇನ್ನು ಮಳೆಗಾಲದಲ್ಲಿ ವೋಲ್ಟೇಜ್ ಕುಸಿದ ಸಂಜೆ, ಕೇಳದಿದ್ದರೂ ನಾದ ಬೇಗನೆ ಒಡೆಯುತ್ತದೆ.