ಕೃಷಿಯ ಪಾಲನ್ನು ಅಳೆಯುವ ಬಗೆ: ಮಂಡ್ಯದ ನಾಲ್ಕು ತಾಲ್ಲೂಕುಗಳ ನೆಲೆಯಿಂದ

ಒಂದು ನಾಡಿನ ಆರ್ಥಿಕತೆಗೆ ಕೃಷಿ ಏನನ್ನು ಕೊಡುತ್ತದೆ ಎಂಬ ಪ್ರಶ್ನೆಗೆ ಸರ್ಕಾರಿ ಸಮೀಕ್ಷೆಗಳೂ ಪಠ್ಯಪುಸ್ತಕಗಳೂ ಬಹುಕಾಲದಿಂದ ಒಂದೇ ಸಂಖ್ಯೆಯ ಮೂಲಕ ಉತ್ತರಿಸುತ್ತ ಬಂದಿವೆ. ಅದು ಒಟ್ಟು ಮೌಲ್ಯವರ್ಧನೆಯಲ್ಲಿ ಕೃಷಿಯ ಶೇಕಡಾವಾರು ಪಾಲು. ಬೆಳೆದ ಬೆಳೆಯ ಬೆಲೆಯಿಂದ ಬೀಜ, ಗೊಬ್ಬರ, ಕೀಟನಾಶಕ, ಡೀಸೆಲ್ ಮುಂತಾಗಿ ಹೊರಗಿನಿಂದ ಕೊಂಡು ಬಳಸಿದ ಸಾಮಗ್ರಿಗಳ ಬೆಲೆಯನ್ನು ಕಳೆದರೆ ಉಳಿಯುವುದು ಮೌಲ್ಯವರ್ಧನೆ. ಎಲ್ಲ ವಲಯಗಳ ಇಂಥ ಮೊತ್ತಗಳ ನಡುವೆ ಕೃಷಿಯ ಮೊತ್ತಕ್ಕೆ ಸಲ್ಲುವ ಭಾಗವೇ ಈ ಪಾಲು. 1950-51ರಲ್ಲಿ ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚಿದ್ದ ಈ ಪಾಲು ಇಂದು ಶೇಕಡ 18ರ ಆಸುಪಾಸಿಗೆ ಇಳಿದಿದೆ, ಆದರೆ ದುಡಿಯುವವರಲ್ಲಿ ಶೇಕಡ 46ರಷ್ಟು ಜನ ಈಗಲೂ ಕೃಷಿಯಲ್ಲೇ ಇದ್ದಾರೆ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಕಂಡವರು ಕೃಷಿ ಸೊರಗಿದ ವಲಯವೆಂದೂ, ಅದರಿಂದ ಜನರನ್ನು ಹೊರತರುವುದೇ ಪರಿಹಾರವೆಂದೂ ತೀರ್ಮಾನಿಸಿಬಿಡುತ್ತಾರೆ. ಇಷ್ಟು ದೊಡ್ಡ ತೀರ್ಮಾನದ ಭಾರವನ್ನು ಹೊರಲು ಈ ಅಳತೆಗೆ ಶಕ್ತಿಯಿದೆಯೇ ಎಂಬುದನ್ನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಚೆನ್ನಾಗಿ ಪರೀಕ್ಷಿಸಬಹುದು, ಏಕೆಂದರೆ ಶತಮಾನಗಳ ನಾಲೆ ನೀರಾವರಿಯೂ ಮಳೆಯನ್ನೇ ನಂಬಿದ ಬೆದ್ದಲು ಭೂಮಿಯೂ ಇಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ.

ಈ ಅಳತೆಯ ಮಿತಿ ಮೊದಲು ಎದ್ದು ಕಾಣುವುದು ಚಿಕ್ಕ ದ್ವೀಪರಾಷ್ಟ್ರಗಳಲ್ಲಿ. 1968ರಲ್ಲಿ ಸ್ವತಂತ್ರವಾದಾಗ ಮಾರಿಷಸ್ಸಿನ ಸಾಗುವಳಿ ಭೂಮಿಯ ಬಹುಪಾಲು ಕಬ್ಬಿನದಾಗಿತ್ತು, ರಫ್ತಿನ ಆದಾಯವೂ ಬಹುತೇಕ ಸಕ್ಕರೆಯಿಂದಲೇ ಬರುತ್ತಿತ್ತು. ಇಂದು ಅಲ್ಲಿ ಕೃಷಿಯ ಪಾಲು ಶೇಕಡ 4ರ ಆಸುಪಾಸಿನಲ್ಲಿದೆ. ಅಂಕಿಯನ್ನಷ್ಟೇ ನೋಡಿದವರಿಗೆ ಇದು ಕೃಷಿಯ ಸೋಲಿನ ಕಥೆಯಾಗಿ ತೋರಬಹುದು. ಆದರೆ 1970ರಲ್ಲಿ ಆರಂಭವಾದ ರಫ್ತು ಸಂಸ್ಕರಣಾ ವಲಯದ ಬಟ್ಟೆ ಕಾರ್ಖಾನೆಗಳಿಗೆ ಬಂಡವಾಳದ ಒಂದು ದೊಡ್ಡ ಭಾಗ ಹರಿದುಬಂದದ್ದು ಸಕ್ಕರೆಯ ಲಾಭದಿಂದಲೇ. ಆ ಲಾಭಕ್ಕೆ ಆಧಾರವಾಗಿದ್ದದ್ದು 1975ರ ಲೋಮೆ ಒಪ್ಪಂದದಡಿ ಯುರೋಪು ಖಾತರಿಪಡಿಸಿದ ಬೆಲೆ. ಕೃಷಿ ಇತರ ವಲಯಗಳನ್ನು ಬೆಳೆಸಿದಷ್ಟೂ ಅದರ ಶೇಕಡಾವಾರು ಪಾಲು ಕುಗ್ಗುತ್ತದೆ, ಅಂದರೆ ಕೊಡುಗೆ ದೊಡ್ಡದಾದಂತೆ ಅದನ್ನು ತೋರಿಸಬೇಕಾದ ಅಂಕಿ ಚಿಕ್ಕದಾಗುತ್ತದೆ. ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1960ರ ದಶಕದ ಆರಂಭದಲ್ಲಿಯೇ ಇದನ್ನು ಗುರುತಿಸಿ, ಕೃಷಿ ತಾನು ಉತ್ಪಾದಿಸಿದ್ದರಿಂದ ಕೊಡುವ ಕೊಡುಗೆ, ಇತರರ ಸರಕನ್ನು ಕೊಳ್ಳುವ ಮಾರುಕಟ್ಟೆಯಾಗಿ ಕೊಡುವ ಕೊಡುಗೆ, ಬಂಡವಾಳವನ್ನೂ ದುಡಿಮೆಗಾರರನ್ನೂ ಹೊರಗೆ ಕಳಿಸುವ ಮೂಲಕ ಕೊಡುವ ಕೊಡುಗೆ ಎಂದು ಮೂರು ಬಗೆಗಳನ್ನು ಬೇರ್ಪಡಿಸಿದ್ದರು. ಪ್ರಚಲಿತ ಅಳತೆ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಹಿಡಿದು ಉಳಿದೆರಡನ್ನು ಕೈಬಿಟ್ಟಿದೆ.

ಶ್ರೀರಂಗಪಟ್ಟಣವೂ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವೇ. ರಾಜ್ಯದ ಆರ್ಥಿಕತೆಯೊಳಗೆ ಸೇರಿಹೋಗಿರುವುದರಿಂದ ಅದಕ್ಕೆ ಪ್ರತ್ಯೇಕ ಲೆಕ್ಕವಿಲ್ಲ, ಆದರೆ ಕೃಷಿ ಬಂಡವಾಳವೆಂದರೆ ಏನೆಂಬುದನ್ನು ಅಲ್ಲಿನ ನೆಲ ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಹೇಳಲಾಗುವ ಬಂಗಾರದೊಡ್ಡಿ ನಾಲೆ ಕಾವೇರಿಯ ನೀರನ್ನು ಮೇಲ್ಗಾಲುವೆಯ ಮೂಲಕ, ಎಂದರೆ ಹೊಳೆಯ ಕವಲಿನ ಮೇಲೆ ಕಟ್ಟಿದ ಕಾಲುವೆಯ ಮೂಲಕ, ದ್ವೀಪಕ್ಕೆ ತರುತ್ತದೆ. ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ ಮುಂತಾದವು ಸುತ್ತಲಿನ ಗದ್ದೆಗಳಿಗೆ ನೀರುಣಿಸುತ್ತವೆ. ಈ ನೀರಿನ ಬಲದಿಂದಲೇ ಇಲ್ಲಿ ಕಬ್ಬು ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಗಿಂತ ಬಹಳ ಹಿಂದೆಯೇ ಬೇರೂರಿತ್ತು. 1847ರಲ್ಲಿ ಪಾಲಹಳ್ಳಿಯಲ್ಲಿ ಸ್ಥಾಪನೆಯಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರು ತಯಾರಿಸಿದ ಬೆಲ್ಲವನ್ನು ಕೊಂಡು ಶುದ್ಧೀಕರಿಸಿ ಸಕ್ಕರೆ ಮಾಡುತ್ತಿತ್ತು. ಮಂಡ್ಯದ ಸಕ್ಕರೆಯ ಇತಿಹಾಸವನ್ನು 1933ರ ಮೈಸೂರು ಸಕ್ಕರೆ ಕಂಪನಿಯಿಂದಲೇ ಆರಂಭಿಸುವುದು ವಾಡಿಕೆಯಾಗಿರುವುದರಿಂದ ಈ ಹಿಂದಿನ ಅಧ್ಯಾಯವನ್ನು ಇಲ್ಲಿ ನೆನೆಯುವುದು ಅಗತ್ಯ. ಮೂರು ಶತಮಾನಗಳ ಹಿಂದಿನ ನಾಲೆ ಇಂದಿನ ಭತ್ತದ ಇಳುವರಿಯಲ್ಲಿ ದುಡಿಯುತ್ತಿದ್ದರೂ ವರ್ಷವರ್ಷದ ಮೌಲ್ಯವರ್ಧನೆಯ ಲೆಕ್ಕದಲ್ಲಿ ಅದಕ್ಕೆ ಹೆಸರಿಲ್ಲ, ಅದು ಹೂಳು ತುಂಬಿ ಸವೆಯುವುದಕ್ಕೂ ಅಲ್ಲಿ ತಕ್ಕ ಜಾಗವಿಲ್ಲ.

1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಕೃಷ್ಣರಾಜಸಾಗರ ಈ ಪ್ರದೇಶದ ಕೃಷಿಯ ಪ್ರಮಾಣವನ್ನೇ ಬದಲಿಸಿತು. ಆಗ ಇರ್ವಿನ್ ನಾಲೆಯೆಂದು ಕರೆಯಲಾದ, ಇಂದಿನ ವಿಶ್ವೇಶ್ವರಯ್ಯ ನಾಲೆ, ಪಾಂಡವಪುರ ತಾಲ್ಲೂಕನ್ನು ಹಾದು, ಹುಲಿಕೆರೆಯ ಸುರಂಗವನ್ನು ದಾಟಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ 1.2 ಲಕ್ಷ ಎಕರೆಗೆ ನೀರು ಕೊಡುವ ಉದ್ದೇಶದಿಂದ ರೂಪುಗೊಂಡಿತು. ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿಯ ಮೂಲ ಆಶಯ ಇಲ್ಲಿ ಗಮನಾರ್ಹ: ನೀರಾವರಿ ಪ್ರದೇಶವನ್ನು ಭಾಗಗಳಾಗಿ ವಿಂಗಡಿಸಿ, ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳನ್ನು ವರ್ಷದಿಂದ ವರ್ಷಕ್ಕೆ ಸರದಿಯಂತೆ ಬೆಳೆಯುವುದರಿಂದ ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗಬೇಕು, ನೆಲವೂ ಕೆಡಬಾರದು. ಕಾಲಕ್ರಮದಲ್ಲಿ ಆ ಸರದಿ ಸಡಿಲಗೊಂಡು, ಕಬ್ಬು ಮತ್ತು ಭತ್ತವೇ ಗದ್ದೆಯನ್ನು ಬಿಡದಂತಾಯಿತು. ಕಟಾವಾದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿತು. ನಾಲೆಯ ಮೇಲ್ಭಾಗದಲ್ಲಿ ನೀರು ನಿಂತು ನೆಲ ಚೌಳಾದರೂ, ಕೊನೆಭಾಗದ ಹಳ್ಳಿಗಳು ಸರದಿಯ ನೀರಿಗಾಗಿ ಕಾದರೂ, ಹೆಚ್ಚು ಕಬ್ಬು ಬೆಳೆದ ವರ್ಷವನ್ನು ಪ್ರಚಲಿತ ಅಳತೆ ಹೆಚ್ಚಿನ ಕೊಡುಗೆಯ ವರ್ಷವೆಂದೇ ದಾಖಲಿಸುತ್ತದೆ.

ಕಬ್ಬಿನ ಹಣದ ದಾರಿಯನ್ನು ಹಿಂಬಾಲಿಸಿದರೆ ಈ ಅಳತೆಯ ಇನ್ನೂ ಗಂಭೀರವಾದ ದೋಷ ಬಯಲಾಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ಶೇಕಡ 15ರ ಬಡ್ಡಿ ಕೊಡಬೇಕು. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ನಿಗದಿಪಡಿಸುವ ನ್ಯಾಯಯುತ ಮತ್ತು ಲಾಭದಾಯಕ ಬೆಲೆ 2024-25ರಲ್ಲಿ ಶೇಕಡ 10.25ರ ಇಳುವರಿಗೆ, ಎಂದರೆ ನೂರು ಕಿಲೋ ಕಬ್ಬಿಗೆ ಅಷ್ಟು ಕಿಲೋ ಸಕ್ಕರೆ ಬರುವಲ್ಲಿ, ಕ್ವಿಂಟಲಿಗೆ 340 ರೂಪಾಯಿ ಇತ್ತು. ಇಳುವರಿ ಶೇಕಡ 9.5 ಅಥವಾ ಅದಕ್ಕಿಂತ ಕಡಿಮೆಯಿರುವಲ್ಲಿ 315.10 ರೂಪಾಯಿ. ಸಕ್ಕರೆಯ ಇಳುವರಿಯಲ್ಲಿ ಮಂಡ್ಯದ ಕಬ್ಬು ಬೆಳಗಾವಿ ಕಡೆಯ ಕಬ್ಬಿಗಿಂತ ಹಿಂದಿರುವುದರಿಂದ ಈ ಎರಡು ದರಗಳ ನಡುವಿನ ವ್ಯತ್ಯಾಸ ಇಲ್ಲಿನ ರೈತನಿಗೆ ಬಹಳ ಮುಖ್ಯ. ರಾಷ್ಟ್ರೀಯ ಲೆಕ್ಕಪದ್ಧತಿ ಉತ್ಪನ್ನವನ್ನು ಅದು ಉತ್ಪಾದನೆಯಾದ ವರ್ಷಕ್ಕೇ ಸೇರಿಸುತ್ತದೆ, ಹಣ ಯಾವಾಗ ಕೈಸೇರಿತು ಎಂಬುದನ್ನು ಅದು ನೋಡುವುದಿಲ್ಲ. ಹಾಗಾಗಿ ಕಾರ್ಖಾನೆಗಳು ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡ ವರ್ಷವೂ, ಆ ಬಾಕಿಗಾಗಿ ರೈತ ಸಂಘದವರು ರಸ್ತೆಗಿಳಿದ ವರ್ಷವೂ, ಲೆಕ್ಕದ ಪುಸ್ತಕದಲ್ಲಿ ಒಳ್ಳೆಯ ವರ್ಷಗಳಾಗಿಯೇ ನಿಲ್ಲುತ್ತವೆ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಇಡೀ ರಾಜ್ಯವನ್ನು ಕಲಕಿದಾಗ ಕೊರತೆಯಾಗಿದ್ದದ್ದು ಕಬ್ಬಲ್ಲ. ಬೆಳೆದ ಕಬ್ಬಿಗೆ ಬೆಲೆಯೂ, ಸಿಗಬೇಕಾದ ಹೊತ್ತಿಗೆ ಹಣವೂ ಇಲ್ಲವಾಗಿತ್ತು. ಒಂದು ಅಳತೆ ಇಂಥ ಸಂಕಟವನ್ನು ಸಮೃದ್ಧಿಯೆಂದು ಬರೆದುಕೊಳ್ಳುವುದಾದರೆ ಅದನ್ನು ನೀತಿಯ ಆಧಾರವಾಗಿ ಬಳಸುವುದು ಅನ್ಯಾಯ.

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯ ಗತಿ ಇದೇ ಮಾತನ್ನು ಮತ್ತೊಂದು ದಿಕ್ಕಿನಿಂದ ಹೇಳುತ್ತದೆ. ರೈತರ ಷೇರಿನಿಂದ ನಿಂತ ಈ ಕಾರ್ಖಾನೆ ನಷ್ಟದಿಂದ ಸೊರಗಿ, ಅರೆಯುವುದನ್ನು ನಿಲ್ಲಿಸಿ, 2020ರಲ್ಲಿ 40 ವರ್ಷಗಳ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಯ ಕೈಸೇರಿತು. ಕಾರ್ಖಾನೆ ನಿಂತ ಹಂಗಾಮುಗಳಲ್ಲಿ ಕಬ್ಬು ದೂರದ ಕಾರ್ಖಾನೆಗಳಿಗೂ ಊರಿನ ಆಲೆಮನೆಗಳಿಗೂ ಹೋಯಿತು. ಕೊಪ್ಪರಿಗೆಯಲ್ಲಿ ಕುದಿದು ಅಚ್ಚು ಬೆಲ್ಲವಾಗಿ, ಕುರಿಕಾಟು ಬೆಲ್ಲವಾಗಿ ಮಂಡ್ಯದ ಮಾರುಕಟ್ಟೆಗೆ ಬರುವ ಈ ಸರಕು ಕಾರ್ಖಾನೆಯ ಬಾಕಿಗಿಂತ ಬೇಗ ನಗದಾಗುತ್ತದೆ. ದರ ಏರಿಳಿದರೂ ಕೈಗೆ ಬಂದ ಹಣಕ್ಕೆ ರೈತ ಕೊಡುವ ಬೆಲೆಯೇ ಬೇರೆ. ಕಬ್ಬು ಕಾರ್ಖಾನೆಯ ದ್ವಾರ ದಾಟಿದೊಡನೆ ಹುಟ್ಟುವ ಸಕ್ಕರೆ, ಮದ್ಯಸಾರ ಮತ್ತು ಸಿಪ್ಪೆಯಿಂದ ಬರುವ ವಿದ್ಯುತ್ತು ಮಾತ್ರ ಕೈಗಾರಿಕೆಯ ಖಾತೆಗೆ ಸೇರುವುದರಿಂದ, ಗದ್ದೆಯಿಲ್ಲದೆ ಒಂದು ದಿನವೂ ನಡೆಯದ ಉದ್ಯಮದ ಲಾಭ ಕೃಷಿಯ ಪಾಲನ್ನು ಇನ್ನಷ್ಟು ಚಿಕ್ಕದಾಗಿ ಕಾಣಿಸಲು ಬಳಕೆಯಾಗುತ್ತದೆ.

ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯನ್ನು ಇಲ್ಲಿ ಬಿಟ್ಟುಬಿಡುವಂತಿಲ್ಲ. ಪಾಂಡವಪುರ ತಾಲ್ಲೂಕಿನ ಈ ಬೆಟ್ಟದಲ್ಲಿ ಒಡೆದ ಪ್ರತಿ ಲೋಡು ಕಲ್ಲೂ ಗಣಿ ವಲಯದ ಮೌಲ್ಯವರ್ಧನೆಯಾಗಿ ಕೂಡಿಕೆಯಾಯಿತು, ಸಿಡಿತದಿಂದ ಈ ಗದ್ದೆಗಳಿಗೆ ನೀರು ಕೊಡುವ ಕೃಷ್ಣರಾಜಸಾಗರ ಅಣೆಕಟ್ಟೆಗೆ ಒದಗಬಹುದಾದ ಅಪಾಯ ಯಾವ ಖಾತೆಯಲ್ಲೂ ಕಳೆಯಲ್ಪಡಲಿಲ್ಲ. 2024ರ ಆರಂಭದಲ್ಲಿ ಕರ್ನಾಟಕ ಹೈಕೋರ್ಟ್ ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆದಾಗ, ಸಾಂಖ್ಯಿಕ ಇಲಾಖೆ ಮಾಡದ ಕಳೆಯುವ ಲೆಕ್ಕವನ್ನು ನ್ಯಾಯಾಲಯ ಮಾಡಬೇಕಾಯಿತು.

ಬೆದ್ದಲು ತಾಲ್ಲೂಕುಗಳ ಕಡೆ ಬಂದರೆ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ನಾಗಮಂಗಲ ರಾಗಿ, ಹುರುಳಿ, ತೆಂಗು, ಕುರಿ ಮತ್ತು ಹಳ್ಳಿಕಾರ್ ದನಗಳ ಸೀಮೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ಹರಿದರೂ, ಮಂದಗೆರೆಯ ಅಣೆಕಟ್ಟೆಯ ನಾಲೆಗಳು ಹೊಳೆಯಂಚಿನ ಹಳ್ಳಿಗಳನ್ನು ಹಸಿರಾಗಿಟ್ಟರೂ, ತಾಲ್ಲೂಕಿನ ದೊಡ್ಡ ಭಾಗ ಮಳೆಯಾಶ್ರಿತವೇ. 1979ರಲ್ಲಿ ಗೊರೂರು ಅಣೆಕಟ್ಟೆ ಮುಗಿದ ಮೇಲೆ ಹೇಮಾವತಿ ಎಡದಂಡೆ ನಾಲೆ ಈ ಕಡೆಗೂ ಬಂದಿತು, ಆದರೆ ಕೊನೆಭಾಗದ ಕೆರೆಗಳಿಗೆ ನೀರು ಪ್ರತಿವರ್ಷ ತಲುಪುತ್ತದೆಂಬ ಭರವಸೆ ಬೆಳೆಯಲಿಲ್ಲ. ಇಲ್ಲಿನ ರಾಗಿಯ ಬಹುಪಾಲು ಮನೆಯಲ್ಲೇ ಉಣ್ಣಲಾಗುತ್ತದೆ. ಮನೆಬಳಕೆಯ ಬೆಳೆಯನ್ನು ಲೆಕ್ಕ ಬಿಟ್ಟಿದೆ ಎಂಬ ಆರೋಪ ಸರಿಯಲ್ಲ, ಅದನ್ನು ಸುಗ್ಗಿಯ ಕಾಲದ ಬೆಲೆಯಲ್ಲಿ ಕಟ್ಟಿ ಸೇರಿಸಲಾಗುತ್ತದೆ. ತೊಡಕಿರುವುದು ಆ ಬೆಲೆಯಲ್ಲಿ: ಬರಗಾಲದಲ್ಲಿ ಮನೆಯೊಂದನ್ನು ಅಂಗಡಿಯ ಸಾಲದಿಂದ ಕಾಪಾಡುವ ಒಂದು ಪಲ್ಲ ರಾಗಿಗೂ ಸುಗ್ಗಿಯಲ್ಲಿ ಮಾರಿದ ರಾಗಿಗೂ ಅದು ಒಂದೇ ಮೌಲ್ಯ ಕೊಡುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ರೂಪಿಸಿದ ಇಂಡಾಫ್ ತಳಿಗಳು ಇಂಥ ಮನೆಗಳ ಕಣಜವನ್ನು ತುಂಬಿಸಿದವು. ಈ ನಾಡಿನ ಕೃಷಿ ಸಂಶೋಧನೆಯ ಅತ್ಯಂತ ದೊಡ್ಡ ಸಾಧನೆಗಳಲ್ಲಿ ಒಂದಾದ ಇದು ಅಗ್ಗದ ಧಾನ್ಯದ್ದಾದ್ದರಿಂದ ಮೌಲ್ಯದ ಲೆಕ್ಕದಲ್ಲಿ ಕಿರಿದಾಗಿಯೇ ಉಳಿಯಿತು.

ನೀರಾವರಿಯ ಲಾಭ ನೀರು ನಿಂತ ಗದ್ದೆಯಲ್ಲೇ ನಿಲ್ಲುವುದಿಲ್ಲ ಎಂಬುದನ್ನು ಅತ್ಯಂತ ಸಮರ್ಥವಾಗಿ ತೋರಿಸಿದವರು ಮಾನವಶಾಸ್ತ್ರಜ್ಞೆ ಟಿ. ಸ್ಕಾರ್ಲೆಟ್ ಎಪ್ಸ್ಟೈನ್. 1950ರ ದಶಕದ ನಡುವಿನಲ್ಲಿ ಅವರು ಮಂಡ್ಯ ಪಟ್ಟಣದ ಸಮೀಪದ ಎರಡು ಹಳ್ಳಿಗಳನ್ನು ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಲ್ಲಿ ಅಧ್ಯಯನ ಮಾಡಿ, ಫಲಿತಾಂಶವನ್ನು 1962ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಾಲೆ ನೀರು ಪಡೆದ ವಂಗಲದಲ್ಲಿ ಆದಾಯ ಹೆಚ್ಚಿದರೂ ಭೂಮಾಲೀಕ ಮತ್ತು ವಂಶಪಾರಂಪರ್ಯದ ಆಳುಗಳ ಸಂಬಂಧ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಸ್ವಂತ ನೆಲಕ್ಕೆ ನೀರು ಸಿಗದ ದಲೇನದವರು ಪಕ್ಕದ ಹಳ್ಳಿಗಳಲ್ಲಿ ತರಿ ಜಮೀನು ಕೊಂಡರು, ಪಟ್ಟಣದ ಕೆಲಸಕ್ಕೆ ಸೇರಿದರು, ಗುತ್ತಿಗೆ ಮತ್ತು ವ್ಯಾಪಾರಗಳಿಗೆ ಇಳಿದರು, ಅವರ ಸಾಮಾಜಿಕ ಬದುಕು ಹೆಚ್ಚು ವೇಗವಾಗಿ ಬದಲಾಯಿತು. ಕುಜ್ನೆಟ್ಸ್ ವಿಂಗಡಿಸಿದ ಎರಡನೆಯ ಮತ್ತು ಮೂರನೆಯ ಕೊಡುಗೆಗಳು ಹಳ್ಳಿಯ ಮಟ್ಟದಲ್ಲಿ ಹೇಗೆ ನಡೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡ ನೆಲದಿಂದ ದೊರೆಯುವುದು ಕಷ್ಟ. 1970ರಲ್ಲಿ ಅವರು ಮರಳಿ ಬಂದು, ಒಟ್ಟು ಸಮೃದ್ಧಿಯ ನಡುವೆಯೂ ಬಡ ಕೂಲಿಕಾರರು ಹಿಂದೆ ಬಿದ್ದದ್ದನ್ನು ದಾಖಲಿಸಿದ್ದು ಅವರ ಕೆಲಸದ ತೂಕವನ್ನು ಹೆಚ್ಚಿಸುತ್ತದೆ.

ಆದರೆ ಎಪ್ಸ್ಟೈನ್ ಅವರ ಒಣಹಳ್ಳಿ ಪಟ್ಟಣಕ್ಕೂ ನಾಲೆಗೂ ಹತ್ತಿರದ್ದು ಎಂಬುದನ್ನು ಮರೆಯಬಾರದು. ನಾಗಮಂಗಲದ ಒಳಗಿನ ಹಳ್ಳಿಗೆ ಮಂಡ್ಯದ ಕಾರ್ಖಾನೆಯ ಕೆಲಸ ಸೈಕಲ್ ದೂರದಲ್ಲಿರಲಿಲ್ಲ. ಆ ಕಡೆಯವರು ಆರಿಸಿಕೊಂಡದ್ದು ಬೆಂಗಳೂರನ್ನೂ ಮುಂಬಯಿಯನ್ನೂ. ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳಿಂದ ಮುಂಬಯಿಗೆ ಹೋದವರ ಸಂಖ್ಯೆ ಎಷ್ಟು ದೊಡ್ಡದೆಂಬುದು ರಾಜ್ಯಕ್ಕೆ ಮನವರಿಕೆಯಾದದ್ದು 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ ಅವರು ಊರಿಗೆ ಮರಳಿದಾಗ. ಅವರನ್ನು ಬೆಳೆಸಿದ್ದು ಹೊಲ, ಕೆಲಸ ಕಳೆದುಕೊಂಡಾಗ ಮರಳಿ ಅನ್ನ ಕೊಟ್ಟದ್ದೂ ಅದೇ ಹೊಲ; ಅವರ ದುಡಿಮೆಯ ಮೌಲ್ಯ ಮಾತ್ರ ಮಹಾರಾಷ್ಟ್ರದ ಸೇವಾವಲಯದ ಲೆಕ್ಕಕ್ಕೆ ಸೇರಿತ್ತು. ಆ ವರ್ಷ ದೇಶದ ಒಟ್ಟು ಉತ್ಪನ್ನ ಕುಗ್ಗಿದರೂ ಕೃಷಿ ಬೆಳೆದದ್ದನ್ನು ಅಂಕಿಗಳೇ ಹೇಳಿದವು, ಆದರೆ ಮರಳಿ ಬಂದವರಿಗೆ ಅದು ಒದಗಿಸಿದ ಆಸರೆಯನ್ನು ಹೇಳಲು ಅವುಗಳಲ್ಲಿ ಅಂಕಣವೇ ಇರಲಿಲ್ಲ.

ಪ್ರಚಲಿತ ಅಳತೆಯ ಪರವಾಗಿ ಹೇಳಬೇಕಾದ್ದೂ ಇದೆ. ಅದು ಎಲ್ಲ ಜಿಲ್ಲೆಗಳಿಗೂ ಒಂದೇ ರೀತಿ ಅನ್ವಯಿಸುತ್ತದೆ, ಬೆಳೆ ಕಟಾವು ಪ್ರಯೋಗದಂಥ ಗಟ್ಟಿ ವಿಧಾನದ ಮೇಲೆ ನಿಂತಿದೆ, ಅದಿಲ್ಲದೆ ಹೋಲಿಕೆಯೇ ಸಾಧ್ಯವಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ತೂಗಿ 114 ಹಿಂದುಳಿದಿವೆಯೆಂದು ಗುರುತಿಸಿದಾಗ, ಒಂದೇ ಸಂಖ್ಯೆಯ ಬದಲು ಹಲವು ಸಂಖ್ಯೆಗಳಿಂದ ತಾಲ್ಲೂಕನ್ನೇ ಘಟಕವಾಗಿ ಅಳೆಯಬಹುದೆಂದು ತೋರಿಸಿಕೊಟ್ಟಿತು. ಕೃಷಿಯ ಕೊಡುಗೆಗೂ ಆ ದಾರಿ ತೆರೆದಿದೆ. ಮೊಬೈಲ್ ಮೂಲಕ ಸರ್ವೆ ನಂಬರುವಾರು ನಡೆಯುವ ಬೆಳೆ ಸಮೀಕ್ಷೆ, ನಾಲೆಗಳಲ್ಲಿ ಹರಿದ ನೀರಿನ ಅಳತೆ, ಕಾರ್ಖಾನೆವಾರು ಕಬ್ಬಿನ ಬಾಕಿಯ ಪಟ್ಟಿ, ಮಂಡ್ಯ ಹಾಲು ಒಕ್ಕೂಟ ಡೇರಿಗಳ ಮೂಲಕ ಮಾಡುವ ಬಟವಾಡೆ, ಇವೆಲ್ಲ ಬೇರೆ ಬೇರೆ ಕಚೇರಿಗಳಲ್ಲಿ ಈಗಾಗಲೇ ಇವೆ. ಇವನ್ನು ಒಟ್ಟಿಗೆ ಇಟ್ಟು ಓದಿದರೆ, ಶ್ರೀರಂಗಪಟ್ಟಣದ ಒಂದು ಎಕರೆ ಗದ್ದೆ ಎಷ್ಟು ನೀರಿಗೆ ಎಷ್ಟು ಆದಾಯ ಕೊಟ್ಟಿತು, ಅದರಲ್ಲಿ ಎಷ್ಟು ಸಕಾಲಕ್ಕೆ ರೈತನ ಕೈಸೇರಿತು, ಪಾಂಡವಪುರದ ಹುಲ್ಲು ತಿಂದ ಹಸು ನಾಗಮಂಗಲದ ಮನೆಗೆ ಎಷ್ಟು ತಂದುಕೊಟ್ಟಿತು ಎಂಬುದನ್ನು ಹೇಳುವ ತಾಲ್ಲೂಕು ಮಟ್ಟದ ಲೆಕ್ಕಪುಸ್ತಕವೊಂದನ್ನು ಸಿದ್ಧಪಡಿಸಲು ಹೊಸ ಕಾನೂನಾಗಲಿ ದೊಡ್ಡ ವೆಚ್ಚವಾಗಲಿ ಬೇಕಿಲ್ಲ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಅದನ್ನು ಈ ನಾಲ್ಕು ತಾಲ್ಲೂಕುಗಳಿಂದಲೇ ಆರಂಭಿಸಬಹುದು.