ವಾರ್ಡಿನ ಕ್ಲಿನಿಕ್ಕು, ಪಾಲಿಕೆಯ ಹೊಣೆ

ಬೆಂಗಳೂರಿನ ಶಂಕರಪುರಂ, ಬಸವನಗುಡಿಗಳ ನೇರ ರಸ್ತೆಗಳನ್ನು ಮೆಚ್ಚುವವರು ಅವುಗಳ ಹಿಂದಿದ್ದ ಭಯವನ್ನು ಮರೆಯುತ್ತಾರೆ. 1898ರಲ್ಲಿ ಪ್ಲೇಗ್ ಬಂದು ನಗರದಲ್ಲಿ ಸಾವಿರಾರು ಜನ ಸತ್ತರು. ಆ ಬಳಿಕವೇ ಪೇಟೆಯ ಇಕ್ಕಟ್ಟಿನಿಂದಾಚೆ ಗಾಳಿ ಬೆಳಕಿನ ಹೊಸ ಬಡಾವಣೆಗಳು ವೇಗವಾಗಿ ಬೆಳೆದವು. ಔಷಧಿಗೂ ಮೊದಲು ಬೇಕಾದದ್ದು ಚರಂಡಿ ಮತ್ತು ಗಾಳಿ ಎಂಬುದನ್ನು ಅಂದಿನ ಆಡಳಿತ ಅರಿತಿತ್ತು. ಆದರೆ ನಿವೇಶನ ಕೊಳ್ಳಬಲ್ಲವರು ಹೊರಬಂದರು, ಉಳಿದವರು ಗಲ್ಲಿಯಲ್ಲೇ ಉಳಿದರು. ಆರೋಗ್ಯ ಕೆಲವರ ಸೌಕರ್ಯವೋ, ಎಲ್ಲರ ಹಕ್ಕೋ ಎಂಬ ಪ್ರಶ್ನೆ ಇನ್ನೂ ತೀರಿಲ್ಲ.

1992ರ ಸಂವಿಧಾನದ 74ನೇ ತಿದ್ದುಪಡಿ ಸಾರ್ವಜನಿಕ ಆರೋಗ್ಯವನ್ನು ನಗರಾಡಳಿತಕ್ಕೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. 2013ರಲ್ಲಿ ಬಂದ ನಗರ ಆರೋಗ್ಯ ಅಭಿಯಾನ 50 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ 108 'ನಮ್ಮ ಕ್ಲಿನಿಕ್'ಗಳು ಆರಂಭವಾದವು. ವಾರ್ಡಿಗೊಂದರಂತೆ 243 ತೆರೆಯುವುದು ಯೋಜನೆಯಾಗಿತ್ತು. ಉಚಿತ ತಪಾಸಣೆ, ಉಚಿತ ಔಷಧಿ: ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೂ ಕೇಳಲೇಬೇಕಾದ ಮಾತುಗಳಿವೆ. ಈ ಕ್ಲಿನಿಕ್‌ಗಳು ಬೆಳಿಗ್ಗೆ 9ರಿಂದ ಸಂಜೆ 4.30ರವರೆಗಿನ ವೇಳಾಪಟ್ಟಿಯೊಂದಿಗೆ ಶುರುವಾದವು. ಗಾಂಧಿ ಬಜಾರಿನಲ್ಲಿ ಹೂ ಮಾರುವವಳಾಗಲಿ, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವಳಾಗಲಿ ಒಂದು ದಿನದ ಕೂಲಿ ಬಿಟ್ಟು ಬಿ.ಪಿ. ಮಾತ್ರೆಗೆ ಸಾಲಿನಲ್ಲಿ ನಿಲ್ಲುವಳೇ? ಎಷ್ಟು ರೋಗಿಗಳು ಬಂದರೆಂದು ಎಣಿಸುವುದು ಸುಲಭ. ಬಾರದೆ ಉಳಿದವರು ಎಷ್ಟು ಮಂದಿ, ಏಕೆ ಬರಲಿಲ್ಲ ಎಂದು ಎಣಿಸುವವರು ಯಾರು? ಡೆಂಗಿ ಬಂದವನಿಗೆ ಕ್ಲಿನಿಕ್ ಮಾತ್ರೆ ಕೊಡಬಹುದು, ಸೊಳ್ಳೆ ಹುಟ್ಟುವ ಚರಂಡಿ ಅದರ ಕೈಯಲ್ಲಿಲ್ಲ.

ಇಂಗ್ಲೆಂಡಿನಲ್ಲಿ 2013ರ ಏಪ್ರಿಲ್‌ನಿಂದ ಸಾರ್ವಜನಿಕ ಆರೋಗ್ಯದ ಹೊಣೆ ಸ್ಥಳೀಯ ಚುನಾಯಿತ ಮಂಡಳಿಗಳದ್ದು. 40ರಿಂದ 74ರ ವಯಸ್ಸಿನವರ ಹೃದಯ ತಪಾಸಣೆ, ಧೂಮಪಾನ ಬಿಡಿಸುವ ನೆರವು ಮುಂತಾದವನ್ನು ಮಂಡಳಿಗಳು ಹಣ ಕೊಟ್ಟು ಕುಟುಂಬ ವೈದ್ಯರಿಂದ ಮಾಡಿಸುತ್ತವೆ. ಅಲ್ಲಿಯೂ ಅನುದಾನ ಕಡಿತದ ಗೋಳಿದೆ. ಆದರೆ ಯಾವ ಸೇವೆ ಬೇಕು, ಅದು ನಡೆಯಿತೇ ಎಂದು ಕೇಳಲು ಊರು ಆರಿಸಿದ ಜನರಿದ್ದಾರೆ.

ಕೆಲಸವನ್ನು ಹೊರಗಿನವರಿಗೆ ಒಪ್ಪಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಯಳಂದೂರು ತಾಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರಕಾರ 1996ರಲ್ಲಿ ಕರುಣಾ ಟ್ರಸ್ಟಿಗೆ ವಹಿಸಿತು. ಒಳ್ಳೆಯ ಕೈಗೆ ಬಿದ್ದ ಕೆಲಸ ಚೆನ್ನಾಗಿಯೇ ನಡೆದೀತು. ಆದರೆ ಕೆಲಸವನ್ನು ವಹಿಸಬಹುದೇ ಹೊರತು ಹೊಣೆಯನ್ನಲ್ಲ. ಅಧಿಕಾರವೆಂಬುದು ಅಮಾನತ್. ಅದನ್ನು ಟೆಂಡರಿನ ಜೊತೆ ಕಟ್ಟಿ ಕಳುಹಿಸಲಾಗದು.

ಬೆಂಗಳೂರಿನಲ್ಲಿ ಕೇಳುವವರ ಪೀಠವೇ ಖಾಲಿಯಾಯಿತು. 2020ರ ಸೆಪ್ಟೆಂಬರ್ 10ರಂದು, ಕೊರೋನಾದ ಕಾವಿನಲ್ಲೇ, ಪಾಲಿಕೆ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬರುವವರೆಗೂ ಚುನಾವಣೆ ನಡೆಯಲಿಲ್ಲ. ಎರಡನೇ ಅಲೆಯಲ್ಲಿ ಹಾಸಿಗೆಗಾಗಿ ಜನ ಅಲೆದಾಡಿದಾಗ ವಾರ್ಡಿಗೊಬ್ಬ ಪ್ರತಿನಿಧಿಯಿರಲಿಲ್ಲ. 'ನಮ್ಮ ಕ್ಲಿನಿಕ್' ಹುಟ್ಟಿದ್ದೂ ಈ ಶೂನ್ಯದಲ್ಲೇ. ಎಲ್ಲಿ ತೆರೆಯಬೇಕು, ಎಷ್ಟು ಹೊತ್ತಿಗೆ ತೆರೆಯಬೇಕು ಎಂಬುದು ಅಧಿಕಾರಿಗಳ ಕಡತದಲ್ಲೇ ತೀರ್ಮಾನವಾಯಿತು.

ಇಲ್ಲಿ ನಮ್ಮ ಸಮುದಾಯವೂ ತನ್ನನ್ನು ಪ್ರಶ್ನಿಸಿಕೊಳ್ಳಬೇಕು. ಗೋಷಾ ಆಸ್ಪತ್ರೆಗೆ ನೆರವಾದ ಹಾಜಿ ಸರ್ ಇಸ್ಮಾಯಿಲ್ ಸೇಠರ ಕಾಲದಿಂದಲೂ ದಾನಕ್ಕೆ ಕೊರತೆಯಿಲ್ಲ. ಭಾನುವಾರದ ಉಚಿತ ಶಿಬಿರಗಳಿಗೂ ಕೊರತೆಯಿಲ್ಲ. ಆದರೆ ಶಿಬಿರದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದವಳಿಗೆ ಮುಂದಿನ ತಿಂಗಳ ಮಾತ್ರೆ ಎಲ್ಲಿ ಸಿಗಬೇಕು? ಶಿಬಿರ ನಡೆಸುವ ಉತ್ಸಾಹದ ಅರ್ಧದಷ್ಟನ್ನಾದರೂ ವಾರ್ಡ್ ಸಮಿತಿಯಲ್ಲಿ ಕೂತು ಲೆಕ್ಕ ಕೇಳಲು ಬಳಸೋಣ. ಸಂಜೆ ಕ್ಲಿನಿಕ್ ತೆರೆದಿರಲಿ, ಔಷಧಿಯ ದಾಸ್ತಾನು ಗೋಡೆಯ ಮೇಲೆ ಬರೆದಿರಲಿ, ಚರಂಡಿಯ ವಿಷಯವೂ ಅದೇ ಸಭೆಯಲ್ಲಿ ಬರಲಿ. ಶಂಕರಪುರಂನ ಹಿರಿಯರೂ ಚಾಮರಾಜಪೇಟೆಯ ಗಲ್ಲಿಯ ತಾಯಂದಿರೂ ಒಟ್ಟಿಗೆ ಕೇಳಿದರೆ ಪಾಲಿಕೆ ಉತ್ತರಿಸದೆ ಇರಲಾರದು. ಪ್ಲೇಗ್ ಆಗಲಿ ಡೆಂಗಿಯಾಗಲಿ ಬಡಾವಣೆಯ ಗಡಿ ನೋಡಿ ಬರುವುದಿಲ್ಲ.